ವಿಸ್ತೀರ್ಣ ಹೆಚ್ಚಿದಂತೆ ಪ್ರಭೇದಗಳೆಷ್ಟು ಹೆಚ್ಚುತ್ತವೆ? ದೇವರಕಾಡು, ಕಾಡಿನ ತುಂಡುಗಳ ಸಮೀಕ್ಷೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಿನಲ್ಲಿ ಟೇಪು ಹಿಡಿದು ಮರ ಎಣಿಸುವವರಿಗೆ, ಎಣಿಸಿದ್ದನ್ನು ವರದಿಯಾಗಿ ಬರೆಯಬೇಕಾದವರಿಗೆ ಈ ಪುಟ. ಉದಾಹರಣೆಗಳಲ್ಲಿ ಹಲವು ಕೊಡಗಿನವು. ಅಲ್ಲಿ ನಡೆಯದ ಪ್ರಯೋಗಗಳಿಗಾಗಿ ಪನಾಮಾ, ಬ್ರೆಜಿಲ್, ಥಾಯ್ಲೆಂಡಿನ ತನಕ ಹೋಗಬೇಕಾಯಿತು.

ಜಾಗ ದೊಡ್ಡದಾದರೆ ಪ್ರಭೇದ ಹೆಚ್ಚುತ್ತವೆ ಎನ್ನುವುದು ಯಾರಿಗೆ ಗೊತ್ತಿಲ್ಲ? ಇದರಲ್ಲಿ ಕಲಿಯುವುದೇನಿದೆ?

ಹೆಚ್ಚುತ್ತವೆ ಎನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಹೆಚ್ಚುತ್ತವೆ ಎನ್ನುವಲ್ಲಿ ಎಡವುತ್ತಾರೆ. ಜಾಗ ಎರಡು ಪಟ್ಟಾದರೆ ಪ್ರಭೇದಗಳು ಎರಡು ಪಟ್ಟಾಗುವುದಿಲ್ಲ. ಮೊದಲ ಚೌಕದಲ್ಲಿ ಕಂಡ ಪ್ರಭೇದಗಳೇ ಪಕ್ಕದ ಚೌಕದಲ್ಲೂ ಬಹುಪಾಲು ಇರುತ್ತವೆ, ಹೊಸವು ಕೆಲವು ಮಾತ್ರ. ಹಾಗೆ ಮುಂದೆ ಹೋದಂತೆ ಹೊಸದು ಸಿಗುವುದು ಕಡಿಮೆಯಾಗುತ್ತದೆ, ಆದರೆ ನಿಲ್ಲುವುದಿಲ್ಲ. ಈ ಏರಿಕೆಗೆ ಸ್ವೀಡನ್ನಿನ ಊಲೋಫ್ ಅರೇನಿಯಸ್ 1921ರಲ್ಲಿ ಒಂದು ಸೂತ್ರ ಕೊಟ್ಟ. ಇವತ್ತಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ:

ಎಸ್ = ಸಿ × ಎ^ಝಡ್

ಎಸ್ ಎಂದರೆ ಪ್ರಭೇದಗಳ ಸಂಖ್ಯೆ, ಎ ಎಂದರೆ ವಿಸ್ತೀರ್ಣ, ಝಡ್ ಆ ವಿಸ್ತೀರ್ಣದ ಮೇಲಿನ ಘಾತ. ಸಿ ಎಂದರೆ ಒಂದು ಘಟಕ ಜಾಗದಲ್ಲಿ ಸಿಗುವ ಪ್ರಭೇದಗಳು. ಮರುವರ್ಷವೇ ಅಮೆರಿಕದ ಸಸ್ಯವಿಜ್ಞಾನಿ ಗ್ಲೀಸನ್ ಇನ್ನೊಂದು ರೂಪ ಮುಂದಿಟ್ಟ: ಪ್ರಭೇದಗಳ ಸಂಖ್ಯೆ ವಿಸ್ತೀರ್ಣದ ಲಾಗ್‌ಗೆ ತಕ್ಕಂತೆ ನೇರವಾಗಿ ಏರುತ್ತದೆ ಎಂದು. ಸಣ್ಣ ಚೌಕಗಳಲ್ಲಿ ಕೆಲವೊಮ್ಮೆ ಗ್ಲೀಸನ್ ರೂಪ ಚೆನ್ನಾಗಿ ಕೂರುತ್ತದೆ, ದೊಡ್ಡ ವ್ಯಾಪ್ತಿಗೆ ಅರೇನಿಯಸ್‌ದೇ ವಾಸಿ.

ಝಡ್, ಸಿ ಬೆಲೆಗಳು ಸಾಮಾನ್ಯವಾಗಿ ಎಷ್ಟಿರುತ್ತವೆ?

ಒಂದೇ ಕಾಡಿನೊಳಗೆ ಒಂದರೊಳಗೊಂದು ಚೌಕ ಹಾಕಿ ಅಳೆದರೆ ಝಡ್ ಸಾಮಾನ್ಯವಾಗಿ 0.1ರಿಂದ 0.2. ಬೇರೆ ಬೇರೆ ದ್ವೀಪಗಳನ್ನು ಹೋಲಿಸಿದರೆ 0.25ರಿಂದ 0.35. ಪ್ರೆಸ್ಟನ್ 1962ರಲ್ಲಿ ಗಣಿತದ ಹಾದಿಯಿಂದ 0.262 ಎಂಬ ಬೆಲೆಗೆ ಬಂದ. ಪಠ್ಯಪುಸ್ತಕಗಳು ‘ಸುಮಾರು 0.25’ ಎನ್ನುವುದರ ಹಿಂದೆ ಆ ಲೆಕ್ಕವೂ ಇದೆ. ಕೆರಿಬಿಯನ್ ದ್ವೀಪಗಳ ಹಾವು, ಹಲ್ಲಿ, ಕಪ್ಪೆಗಳ ಬಗ್ಗೆ ಡಾರ್ಲಿಂಗ್ಟನ್ 1957ರಲ್ಲಿ ಹೇಳಿದ ಸುಲಭ ನಿಯಮ ಒಂದಿದೆ: ವಿಸ್ತೀರ್ಣ ಹತ್ತು ಪಟ್ಟಾದರೆ ಪ್ರಭೇದ ಎರಡು ಪಟ್ಟು. ಅದನ್ನು ಘಾತಕ್ಕೆ ತಿರುಗಿಸಿದರೆ 0.30. ಖಂಡ ಖಂಡಗಳನ್ನೇ ಹೋಲಿಸಿದರೆ ಝಡ್ 1ರ ಹತ್ತಿರಕ್ಕೆ ಹೋಗುತ್ತದೆ, ಯಾಕೆಂದರೆ ಒಂದು ಖಂಡದ ಪ್ರಭೇದಗಳು ಇನ್ನೊಂದರಲ್ಲಿ ಇರುವುದೇ ಅಪರೂಪ. ಕೆಲವೇ ಚದರ ಮೀಟರುಗಳ ಮಟ್ಟದಲ್ಲೂ ಅದು ಮೇಲೇ ಇರುತ್ತದೆ. ಹಾಗಾಗಿ ಯಾವ ಅಳತೆಯಲ್ಲಿ ಕೆಲಸ ಮಾಡಿದ್ದೀರಿ ಎಂದು ಹೇಳದೆ ಝಡ್ ಒಂದನ್ನೇ ಬರೆದರೆ ಓದುವವರಿಗೆ ಏನೂ ತಿಳಿಯದು.

ಸಿ ಬೆಲೆಗೆ ಇನ್ನೊಂದು ತೊಡಕು. ಝಡ್‌ಗೆ ಘಟಕದ ಗೊಡವೆ ಇಲ್ಲ, ಸಿ ಮಾತ್ರ ಘಟಕದೊಂದಿಗೆ ಬದಲಾಗುತ್ತದೆ. ಹೆಕ್ಟೇರಿನಲ್ಲಿ ಲೆಕ್ಕ ಹಾಕಿದ ಸಿ ಬೆಲೆಯನ್ನು ಚದರ ಕಿಲೋಮೀಟರಿಗೆ ತರಬೇಕಾದರೆ 100ರ ಝಡ್ ಘಾತದಿಂದ ಗುಣಿಸಬೇಕು. ಝಡ್ 0.25 ಇದ್ದರೆ ಅದು 3.16 ಪಟ್ಟು. ಒಬ್ಬರು ಎಕರೆಯಲ್ಲಿ, ಇನ್ನೊಬ್ಬರು ಹೆಕ್ಟೇರಿನಲ್ಲಿ ಲೆಕ್ಕ ಹಾಕಿ ‘ನಮ್ಮ ಕಾಡಿನ ಸಿ ಕಡಿಮೆ’ ಎಂದು ಚರ್ಚೆಗೆ ಇಳಿಯುವುದು ನಡೆಯುತ್ತಲೇ ಇರುತ್ತದೆ.

ಯಾಕೆ ಹೆಚ್ಚುತ್ತವೆ?

ಕಾರಣ ಒಂದಲ್ಲ. ದೊಡ್ಡ ಜಾಗದಲ್ಲಿ ಮರಗಳ ಸಂಖ್ಯೆಯೇ ಹೆಚ್ಚು. ಹೆಚ್ಚು ಮರ ಎಣಿಸಿದರೆ ಅಪರೂಪದವು ಸಿಕ್ಕೇ ಸಿಗುತ್ತವೆ. ಇದು ಬರೀ ಎಣಿಕೆಯ ಫಲ. ಎರಡನೆಯದು ನೆಲೆಗಳ ವೈವಿಧ್ಯ: ಹಳ್ಳದ ದಂಡೆ, ಬಂಡೆ, ದಿಬ್ಬ, ಜೌಗು ಎಲ್ಲವೂ ಒಂದೇ ಗುಂಟೆಯಲ್ಲಿ ಇರುವುದಿಲ್ಲ. ಮೂರನೆಯದನ್ನು ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1963ರಲ್ಲೂ ಮತ್ತೆ 1967ರಲ್ಲೂ ವಿವರಿಸಿದರು. ಸಣ್ಣ ದ್ವೀಪದಲ್ಲಿ ಪ್ರತಿ ಪ್ರಭೇದದ ಸಂಖ್ಯೆ ಚಿಕ್ಕದು, ಆದ್ದರಿಂದ ಅಳಿಯುವುದು ಬೇಗ. ಹೊರಗಿನಿಂದ ಬರುವುದೂ ಒಳಗೆ ಅಳಿಯುವುದೂ ಸಮವಾಗುವಲ್ಲಿ ಪ್ರಭೇದಗಳ ಸಂಖ್ಯೆ ನಿಲ್ಲುತ್ತದೆ. ನಾಲ್ಕನೆಯದು ಬಹಳ ದೊಡ್ಡ ಜಾಗಕ್ಕಷ್ಟೇ ಸಂಬಂಧಿಸಿದ್ದು: ಅಲ್ಲೇ ಹೊಸ ಪ್ರಭೇದ ಹುಟ್ಟುವುದು. ಕೆರಿಬಿಯನ್‌ನ ಅನೋಲಿಸ್ ಹಲ್ಲಿಗಳು ದ್ವೀಪದೊಳಗೇ ಕವಲೊಡೆದದ್ದು ಸುಮಾರು 3000 ಚದರ ಕಿ.ಮೀ.ಗಿಂತ ದೊಡ್ಡ ದ್ವೀಪಗಳಲ್ಲಿ ಮಾತ್ರ.

ವಿಸ್ತೀರ್ಣಕ್ಕೆ ತನ್ನದೇ ಪ್ರಭಾವ ಇದೆಯೋ, ಅದು ನೆಲೆಗಳ ವೈವಿಧ್ಯದ ಇನ್ನೊಂದು ಹೆಸರು ಅಷ್ಟೆಯೋ ಎಂಬ ಅನುಮಾನ ಬಹುಕಾಲ ಇತ್ತು. ಡೇನಿಯಲ್ ಸಿಂಬರ್ಲಾಫ್ ಫ್ಲಾರಿಡಾದ ಕಾಂಡ್ಲಾ ಗಿಡಗಳ ಪುಟ್ಟ ದ್ವೀಪಗಳನ್ನು ಆರಿಸಿಕೊಂಡು ಅವುಗಳ ಅಂಚು ಕಡಿಸಿ ಚಿಕ್ಕದು ಮಾಡಿದ. ಒಂದೇ ಜಾತಿಯ ಗಿಡ ಇರುವುದರಿಂದ ನೆಲೆಯ ವೈವಿಧ್ಯ ಬದಲಾಗುವ ಪ್ರಶ್ನೆಯೇ ಇಲ್ಲ. ಆದರೂ ಕೀಟ, ಜೇಡಗಳ ಪ್ರಭೇದಗಳು ಕಡಿಮೆಯಾದವು. 1976ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ವಿಷಯದಲ್ಲಿ ಇಷ್ಟು ನೇರವಾಗಿ ಉತ್ತರ ಕೊಟ್ಟ ಪ್ರಯೋಗಗಳು ಕಡಿಮೆ.

ನಮ್ಮ ಕಾಡಿನಲ್ಲಿ 3 ಹೆಕ್ಟೇರಿಗೆ 90 ಪ್ರಭೇದ. ‘ಹೆಕ್ಟೇರಿಗೆ 30’ ಎಂದು ಬರೆಯಬಹುದೇ?

ಬೇಡ. ಈ ವಿಷಯದಲ್ಲಿ ನಾವು ಅತಿ ಹೆಚ್ಚು ಕಾಣುವ ತಪ್ಪು ಇದು. ಭತ್ತದ ಇಳುವರಿಯನ್ನು ಎಕರೆಗೆ ಇಷ್ಟು ಎಂದು ಭಾಗಿಸಬಹುದು, ಪ್ರಭೇದಗಳನ್ನು ಹಾಗೆ ಭಾಗಿಸಲು ಬರುವುದಿಲ್ಲ.

ಪನಾಮಾದ ಬಾರೋ ಕೊಲರಾಡೋ ದ್ವೀಪದ 50 ಹೆಕ್ಟೇರ್ ಪ್ಲಾಟಿನಲ್ಲಿ (ಗುರುತು ಹಾಕಿಟ್ಟು ಮತ್ತೆ ಮತ್ತೆ ಮರ ಎಣಿಸುವ ಜಾಗ) 1 ಸೆಂ.ಮೀ. ವ್ಯಾಸ ದಾಟಿದ ಗಿಡಮರಗಳು ಸುಮಾರು 300 ಪ್ರಭೇದ. ಭಾಗಿಸಿದರೆ ಹೆಕ್ಟೇರಿಗೆ 6. ಆದರೆ ಅದೇ ಪ್ಲಾಟಿನ ಯಾವುದೇ ಒಂದು ಹೆಕ್ಟೇರಿನಲ್ಲಿ ಎಣಿಸಿದರೆ ಸರಾಸರಿ ಸುಮಾರು 170 ಸಿಗುತ್ತವೆ. ಆರು ಎಲ್ಲಿ, ನೂರ ಎಪ್ಪತ್ತು ಎಲ್ಲಿ! ಜಾಗ 50 ಪಟ್ಟಾದಾಗ ಪ್ರಭೇದ 1.76 ಪಟ್ಟು, ಝಡ್ ತೆಗೆದರೆ 0.145 ಆಸುಪಾಸು.

ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1990ರ ಹೊತ್ತಿಗೆ ಕಾಯಂ ಪ್ಲಾಟು ಮಾಡಿತು. ಅದರ 20 ಮೀ. ಅಗಲದ ಪಟ್ಟಿಗಳಲ್ಲಿ, ಒಟ್ಟು 3.12 ಹೆಕ್ಟೇರಿನಲ್ಲಿ, 30 ಸೆಂ.ಮೀ.ಗೆ ಕಡಿಮೆಯಿಲ್ಲದ ಸುತ್ತಳತೆಯ 1981 ಮರಗಳು, 91 ಪ್ರಭೇದ. ಇದನ್ನು ಬಾರೋ ಕೊಲರಾಡೋದ 300ರ ಪಕ್ಕ ಇಟ್ಟು ‘ನಮ್ಮದು ಮೂರನೇ ಒಂದು’ ಎನ್ನುವುದೂ ತಪ್ಪೇ. ಜಾಗ ಬೇರೆ, ಸುತ್ತಳತೆಯ ಮಿತಿಯೂ ಬೇರೆ: 30 ಸೆಂ.ಮೀ. ಸುತ್ತಳತೆ ಎಂದರೆ 9.5 ಸೆಂ.ಮೀ. ವ್ಯಾಸ, ಅಲ್ಲಿ 1 ಸೆಂ.ಮೀ.ನ ಗಿಡವೂ ಲೆಕ್ಕಕ್ಕಿದೆ.

ಜಾಗವೂ ಮಿತಿಯೂ ಒಂದೇ ಆಗಿದ್ದಾಗ ಹೋಲಿಕೆಗೆ ಅರ್ಥ ಬರುತ್ತದೆ. ಬಂಡೀಪುರದ ಗಡಿಗೆ ತಾಗಿದ ಮುದುಮಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 50 ಹೆಕ್ಟೇರ್ ಪ್ಲಾಟು ಇದೆ, ಅಲ್ಲೂ 1 ಸೆಂ.ಮೀ. ಮಿತಿಯೇ. ಸಿಕ್ಕಿದ್ದು ಸುಮಾರು 70 ಪ್ರಭೇದ. ಮಳೆ ಕಡಿಮೆ, ಬೆಂಕಿ ಬೀಳುವ ಒಣ ಎಲೆಯುದುರುವ ಕಾಡು ಅದು. ವಿಸ್ತೀರ್ಣ ಒಂದೇ ಆದರೂ ಸಿ ಬೆಲೆ ಬೇರೆ ಎನ್ನುವುದನ್ನು ನೋಡಲು ಈ ಜೋಡಿ ಸಾಕು.

ದೇವರಕಾಡಿನಲ್ಲಿ ಮರಗಳ ಸಮೀಕ್ಷೆ ಹೇಗೆ ಶುರುಮಾಡುವುದು?

ಮೊದಲು ಪ್ರಶ್ನೆ ಸ್ಪಷ್ಟವಾಗಲಿ. ಒಂದೇ ಕಾಡಿನೊಳಗೆ ಪ್ರಭೇದ ಹೇಗೆ ಏರುತ್ತದೆ ಎಂದು ತಿಳಿಯಬೇಕೋ, ಚಿಕ್ಕ ಕಾಡು ದೊಡ್ಡ ಕಾಡುಗಳ ನಡುವಿನ ವ್ಯತ್ಯಾಸ ತಿಳಿಯಬೇಕೋ? ಚೌಕ ಹಾಕುವ ರೀತಿ ಅದರ ಮೇಲೆ ನಿಂತಿದೆ.

ಒಂದೇ ಕಾಡಾದರೆ ಒಂದರೊಳಗೊಂದು ಚೌಕದ ವಿಧಾನ ಸುಲಭ. 10×10 ಮೀಟರಿನಿಂದ ಶುರುಮಾಡಿ. ಅದಕ್ಕೆ ಅಷ್ಟೇ ಜಾಗ ಸೇರಿಸಿ 10×20, ಮತ್ತೆ 20×20, 20×40, 40×40, 40×80, 80×80. ಪ್ರತಿ ಹಂತದಲ್ಲೂ ಜಾಗ ಎರಡು ಪಟ್ಟು. ಪ್ರತಿ ಮರವನ್ನೂ ಬರೆಯಿರಿ, ಹೊಸ ಪ್ರಭೇದ ಯಾವ ಹಂತದಲ್ಲಿ ಮೊದಲು ಕಂಡಿತು ಎಂಬುದನ್ನೂ ಗುರುತಿಸಿ. 20×20 ಎಂದರೆ ಸುಮಾರು 4 ಗುಂಟೆ. ಕಡೆಯ 80×80 ಒಂದೂವರೆ ಎಕರೆಗಿಂತ ತುಸು ಹೆಚ್ಚು.

ಮೂಲೆ ಲಂಬಕೋನವಾಗಿರಬೇಕು. ಟೇಪಿನಲ್ಲಿ 3, 4, 5 ಮೀಟರಿನ ತ್ರಿಕೋನ ಮಾಡಿ ಮೊದಲ ಮೂಲೆ ಹಿಡಿಯಿರಿ, ನಾಲ್ಕೂ ಗೂಟ ಹೊಡೆದ ಮೇಲೆ ಕರ್ಣ ಅಳೆಯಿರಿ. 20×20 ಚೌಕದ ಎರಡೂ ಕರ್ಣ 28 ಮೀ. 28 ಸೆಂ.ಮೀ. ಬರಬೇಕು. ಅರ್ಧ ಮೀಟರ್ ಹೆಚ್ಚುಕಮ್ಮಿ ಬಂದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ.

ಇಳಿಜಾರು ಇದ್ದಲ್ಲಿ ನೆಲದ ಮೇಲೆ ಟೇಪು ಹಾಸಿದರೆ ಜಾಗ ಕಡಿಮೆ ಬೀಳುತ್ತದೆ. ಬೇಕಾದದ್ದು ಸಮತಲದ ದೂರ. 20 ಮೀ. ಬದಿಗೆ ಇಳಿಜಾರಿನ ದಿಕ್ಕಿನಲ್ಲಿ 20 ಡಿಗ್ರಿಗೆ 21.3 ಮೀ., 30 ಡಿಗ್ರಿಗೆ 23.1 ಮೀ. ಟೇಪು ಬಿಡಬೇಕು. ಮಲೆನಾಡಿನ ಹಳೆಯ ಸಮೀಕ್ಷೆಗಳಲ್ಲಿ ಈ ತಿದ್ದುಪಡಿ ಮಾಡಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳದೆ ಅಂಕಿ ಎರವಲು ತೆಗೆದುಕೊಳ್ಳಬೇಡಿ.

ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯುತ್ತಾರೆ. ನಮ್ಮ ಅರಣ್ಯ ಇಲಾಖೆಗಳ ರೂಢಿ 1.37 ಮೀ., ಅಂತರರಾಷ್ಟ್ರೀಯ ಪ್ಲಾಟುಗಳದ್ದು 1.3 ಮೀ. ಎರಡರಲ್ಲಿ ಯಾವುದಾದರೂ ಸರಿ, ಕೊನೆತನಕ ಒಂದೇ ಇರಲಿ. ಆ ಎತ್ತರದ ಒಂದು ಕೋಲು ಕಡಿದು ಇಟ್ಟುಕೊಂಡರೆ ಕೆಲಸ ಬೇಗ ಸಾಗುತ್ತದೆ. ಇಳಿಜಾರಿನಲ್ಲಿ ಮರದ ಏರಿನ ಕಡೆಯಿಂದ ಕೋಲು ನಿಲ್ಲಿಸಿ. ಬುಡದಲ್ಲಿ ಹಲಗೆಯಂತೆ ಚಾಚಿದ ಆನಿಕೆ ಬೇರುಗಳಿದ್ದರೆ ಅವು ಮುಗಿದ ಮೇಲೆ ಅಳೆಯಿರಿ, ಎಷ್ಟು ಎತ್ತರದಲ್ಲಿ ಅಳೆದಿರಿ ಎಂದೂ ಬರೆಯಿರಿ. ಗಡಿಯ ದಾರ ಮರದ ಮೇಲೇ ಹಾದರೆ ಬುಡದ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಮಾತ್ರ ಎಣಿಕೆಗೆ ಸೇರಿಸಿ. ಸ್ಥಳದಲ್ಲಿ ಮನಸ್ಸಿಗೆ ಬಂದಂತೆ ನಿರ್ಧರಿಸಿದರೆ ಅಪರೂಪದ ಮರ ಕಂಡಾಗಲೆಲ್ಲ ಅದು ‘ಒಳಗೇ’ ಬೀಳುತ್ತದೆ!

ಜೂನ್‌ನಿಂದ ಆಗಸ್ಟ್ ತನಕ ಬೇಡ. ಮಳೆಗಿಂತ ಇಂಬಳದ ಕಾಟಕ್ಕೆ ಕೆಲಸ ಕೆಡುತ್ತದೆ. ಎಲ್ಲರಿಗೂ ಬೇಗ ಮುಗಿಸಿ ಹೊರಬೀಳುವ ಆತುರ. ಡಿಸೆಂಬರಿನಿಂದ ಏಪ್ರಿಲ್ ತನಕ ಹೂವು, ಕಾಯಿ ಸಿಗುವ ಸಾಧ್ಯತೆಯೂ ಹೆಚ್ಚು, ಗುರುತಿಸುವುದು ಹಗುರ.

ಬೇರೆ ಬೇರೆ ಗಾತ್ರದ ಹತ್ತು ದೇವರಕಾಡುಗಳನ್ನು ಹೋಲಿಸಬೇಕು. ಪ್ರತಿಯೊಂದರಲ್ಲೂ ಒಂದೊಂದು ಚೌಕ ಹಾಕಿದರೆ ಸಾಕೇ?

ಒಂದೊಂದು 20×20 ಚೌಕ ಹಾಕಿದರೆ ನೀವು ಅಳೆಯುವುದು 400 ಚದರ ಮೀಟರಿನ ಸಾಂದ್ರತೆಯನ್ನು. ಕಾಡಿನ ಒಟ್ಟು ಪ್ರಭೇದ ಅದರಿಂದ ತಿಳಿಯುವುದಿಲ್ಲ. ಗ್ರಾಫ್ ಸಪಾಟಾಗಿ ಬಂದು ‘ವಿಸ್ತೀರ್ಣಕ್ಕೂ ಪ್ರಭೇದಕ್ಕೂ ಸಂಬಂಧವಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹಾಗೆಂದು ದೊಡ್ಡ ಕಾಡಿಗೆ ಹತ್ತು ಚೌಕ, ಚಿಕ್ಕದಕ್ಕೆ ಒಂದು ಎಂದು ಹಾಕಿದರೆ ಸಂಬಂಧ ಕಂಡೇ ಕಾಣುತ್ತದೆ, ಆದರೆ ಅದರಲ್ಲಿ ನಿಮ್ಮ ದುಡಿಮೆಯ ಪಾಲೆಷ್ಟು, ಕಾಡಿನ ಪಾಲೆಷ್ಟು ಎಂದು ಬಿಡಿಸಲಾಗದು.

ಮಾಡಬಹುದಾದದ್ದು ಎರಡು. ಚಿಕ್ಕ ಕಾಡುಗಳಾದರೆ ಪೂರ್ತಿ ಎಣಿಸಿ: ಎರಡು ಎಕರೆಯ ದೇವರಕಾಡನ್ನು ನಾಲ್ಕೈದು ಜನ ಸೇರಿದರೆ ಎಣಿಸಿ ಮುಗಿಸಬಹುದು. ದೊಡ್ಡವಾದರೆ ಗಾತ್ರಕ್ಕೆ ತಕ್ಕಂತೆ ಚೌಕ ಹಾಕಿ, ಆಮೇಲೆ ಎಲ್ಲವನ್ನೂ ಸಮಾನ ಮರಗಳ ಸಂಖ್ಯೆಗೆ ಇಳಿಸಿ ಹೋಲಿಸಿ. ಒಂದರಲ್ಲಿ 800 ಮರ, ಇನ್ನೊಂದರಲ್ಲಿ 150 ಸಿಕ್ಕಿದ್ದರೆ, 800ರಿಂದ ಮತ್ತೆ ಮತ್ತೆ 150 ಮರಗಳನ್ನು ಚೀಟಿ ಎತ್ತಿದಂತೆ ಎತ್ತಿ ಸರಾಸರಿ ಎಷ್ಟು ಪ್ರಭೇದ ಬರುತ್ತವೆ ಎಂದು ನೋಡುವುದು. ಇದಕ್ಕೆ ರೇರ್‌ಫ್ಯಾಕ್ಷನ್ ಎನ್ನುತ್ತಾರೆ, ಸಾಂಡರ್ಸ್ 1968ರಲ್ಲಿ ಸಮುದ್ರತಳದ ಜೀವಿಗಳಿಗಾಗಿ ರೂಪಿಸಿದ ಉಪಾಯ. ಸಮ ಸಂಖ್ಯೆಗೆ ಇಳಿಸಿದ ಮೇಲೂ ದೊಡ್ಡ ಕಾಡು ಮುಂದಿದ್ದರೆ ವಿಸ್ತೀರ್ಣದ ಪ್ರಭಾವ ಬರೀ ಎಣಿಕೆಯದಲ್ಲ ಎಂದು ಹೇಳಬಹುದು.

ಝಡ್ ಲೆಕ್ಕ ಹಾಕಿ ತೋರಿಸಿ.

ಹುಲ್ಲುಗಾವಲಿನಲ್ಲಿ 1 ಚದರ ಮೀಟರಿನಿಂದ ದುಪ್ಪಟ್ಟು ಮಾಡುತ್ತಾ ಹೋದಿರಿ ಎಂದುಕೊಳ್ಳಿ. 1, 2, 4, 8, 16, 32, 64 ಚದರ ಮೀಟರಿಗೆ ಕ್ರಮವಾಗಿ 8, 10, 12, 15, 19, 22, 27 ಪ್ರಭೇದ ಸಿಕ್ಕವು (ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು). ಎಕ್ಸೆಲ್‌ನಲ್ಲಿ ಒಂದು ಕಾಲಮ್ಮಿನಲ್ಲಿ ವಿಸ್ತೀರ್ಣದ ಲಾಗ್, ಇನ್ನೊಂದರಲ್ಲಿ ಪ್ರಭೇದದ ಲಾಗ್ ಹಾಕಿ, ಎರಡೂ ಹತ್ತರ ಆಧಾರದಲ್ಲಿ. ‘ಸ್ಲೋಪ್’ ಫಾರ್ಮುಲಾ ಕೊಟ್ಟರೆ 0.29 ಬರುತ್ತದೆ, ಅದೇ ಝಡ್. ‘ಇಂಟರ್‌ಸೆಪ್ಟ್’ 0.908 ಬರುತ್ತದೆ; 10ನ್ನು ಆ ಘಾತಕ್ಕೆ ಏರಿಸಿದರೆ 8.1, ಅದು ಸಿ. ಅನೇಕರು ಈ ಕೊನೆಯ ಹೆಜ್ಜೆ ಮರೆತು ಸಿ = 0.908 ಎಂದೇ ಬರೆಯುತ್ತಾರೆ. ಒಂದು ಚದರ ಮೀಟರಿನಲ್ಲಿ ಒಂದಕ್ಕಿಂತ ಕಡಿಮೆ ಪ್ರಭೇದ ಎಂದರೆ ಏನೋ ತಪ್ಪಿದೆ ಎಂದು ಆಗಲೇ ಹೊಳೆಯಬೇಕು.

ಇದೇ ಗೆರೆಯನ್ನು ಮುಂದೆ ಎಳೆದರೆ 256 ಚ.ಮೀ.ಗೆ 41 ಪ್ರಭೇದ. ನಂಬಬಹುದು. ಒಂದು ಹೆಕ್ಟೇರಿಗೆ ಎಳೆದರೆ 120. ನಂಬಬೇಡಿ, ಅಳೆದ ಅತಿ ದೊಡ್ಡ ಜಾಗಕ್ಕಿಂತ ನಾಲ್ಕು ಪಟ್ಟು ದಾಟಿದ ಮೇಲೆ ಹೇಳುವ ಸಂಖ್ಯೆಗೆ ನಾವಂತೂ ಬೆಲೆ ಕೊಡುವುದಿಲ್ಲ. ಒಂದರೊಳಗೊಂದು ಚೌಕಗಳಲ್ಲಿ ಪ್ರತಿ ಅಂಕಿಯೂ ಹಿಂದಿನದನ್ನು ಒಳಗೊಂಡಿರುತ್ತದೆ ಎನ್ನುವುದನ್ನೂ ನೆನಪಿಡಿ: ಗೆರೆ ಅಂದವಾಗಿ ಕೂತು ಆರ್-ಸ್ಕ್ವೇರ್ (ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಗರಿಷ್ಠ 1) 0.99 ಬಂದರೆ ಹಿಗ್ಗುವಂಥದ್ದೇನೂ ಇಲ್ಲ, ಅದು ಹಾಗೇ ಬರುತ್ತದೆ. ಬೇರೆ ಬೇರೆ ಜಾಗಗಳಲ್ಲಿ ಇಂಥ ನಾಲ್ಕೈದು ಸರಣಿ ಹಾಕಿ ಝಡ್ ಎಷ್ಟು ಏರುಪೇರಾಗುತ್ತದೆ ಎಂದು ನೋಡುವುದೇ ನಿಜವಾದ ಪರೀಕ್ಷೆ.

ಕೆಲವು ತುಂಡುಗಳಲ್ಲಿ ಪ್ರಭೇದ ಸೊನ್ನೆ ಇದ್ದರೆ ಲಾಗ್ ತೆಗೆಯಲಾಗದು. ಅವನ್ನು ಬಿಟ್ಟುಬಿಟ್ಟರೆ ಝಡ್ ವಾಸ್ತವಕ್ಕಿಂತ ಕೆಳಗೆ ಬರುತ್ತದೆ. ಲಾಗ್ ಮಾಡದೆ ನೇರವಾಗಿ ವಕ್ರರೇಖೆಯನ್ನೇ ಕೂರಿಸುವ ವಿಧಾನ ಬಳಸಿ.

ಪ್ರಭೇದ ಸಂಚಯದ ರೇಖೆ ಮತ್ತು ಈ ವಿಸ್ತೀರ್ಣದ ರೇಖೆ ಒಂದೇ ಅಲ್ಲವೇ?

ನೋಡಲು ಒಂದೇ ತರಹ, ಅಲ್ಲ. ಸಂಚಯದ ರೇಖೆಯಲ್ಲಿ ಚೌಕಗಳನ್ನು ಕಲಸಿ ಒಂದೊಂದಾಗಿ ಸೇರಿಸುತ್ತಾರೆ. ಅವು ಎಲ್ಲಿದ್ದವು ಎಂಬ ಗುರುತು ಅಳಿಸಿಹೋಗುತ್ತದೆ. ಮರಗಳು ಗುಂಪುಗುಂಪಾಗಿ ಬೆಳೆಯುವುದರಿಂದ ಹೀಗೆ ಕಲಸಿದ ರೇಖೆ ಅಕ್ಕಪಕ್ಕದ ಚೌಕಗಳ ರೇಖೆಗಿಂತ ಬೇಗ ಮೇಲೇರುತ್ತದೆ. ದ್ವೀಪಗಳ ಗ್ರಾಫಿನಲ್ಲಂತೂ ಪ್ರತಿ ಚುಕ್ಕಿಯೂ ಬೇರೆಯೇ ಜಾಗ, ಅಲ್ಲಿ ರೇಖೆ ಇಳಿಯಲೂಬಹುದು. ಯಾವುದನ್ನು ಮಾಡಿದ್ದೀರಿ ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆದರೆ ಸಾಕು.

ರೇಖೆ ಇನ್ನೂ ಏರುತ್ತಲೇ ಇದೆ. ಇನ್ನೆಷ್ಟು ಪ್ರಭೇದ ಬಿಟ್ಟುಹೋಗಿವೆ ಎಂದು ಹೇಗೆ ತಿಳಿಯುವುದು?

ಉಷ್ಣವಲಯದ ಕಾಡಿನಲ್ಲಿ ರೇಖೆ ಪೂರ್ತಿ ಸಪಾಟಾಗುವುದನ್ನು ಕಾಯುತ್ತಾ ಕೂತರೆ ಸಮೀಕ್ಷೆ ಮುಗಿಯುವುದಿಲ್ಲ. ಒಂದೇ ಒಂದು ಮರ ಸಿಕ್ಕ ಪ್ರಭೇದಗಳು ಎಷ್ಟು, ಸರಿಯಾಗಿ ಎರಡು ಸಿಕ್ಕವು ಎಷ್ಟು ಎಂದು ಎಣಿಸಿ. ಮೊದಲನೆಯದರ ವರ್ಗವನ್ನು ಎರಡನೆಯದರ ಎರಡರಷ್ಟರಿಂದ ಭಾಗಿಸಿ, ಕಂಡ ಪ್ರಭೇದಗಳಿಗೆ ಕೂಡಿಸಿ. ಉದಾಹರಣೆಗೆ ಕಂಡದ್ದು 64, ಒಂಟಿ 16, ಜೋಡಿ 8: 256ನ್ನು 16ರಿಂದ ಭಾಗಿಸಿದರೆ 16, ಅಂದಾಜು 80. ಇದು ಆನ್ ಚಾವೋ ಅವರ 1984ರ ಸೂತ್ರ, ಚಾವೋ-1 ಎಂದೇ ಹೆಸರು. ಇದು ಕೊಡುವುದು ಕನಿಷ್ಠ ಅಂದಾಜು. ‘80 ಪ್ರಭೇದ ಇವೆ’ ಎನ್ನದೆ ‘80ಕ್ಕೆ ಕಡಿಮೆಯಿಲ್ಲ’ ಎನ್ನಿ. ಒಂದೇ ಮರವನ್ನು ಇಬ್ಬರು ಎರಡು ಹೆಸರಿನಲ್ಲಿ ಬರೆದರೆ ಒಂಟಿಗಳು ಸುಳ್ಳುಸುಳ್ಳೇ ಹೆಚ್ಚುತ್ತವೆ, ಅಂದಾಜು ಹಾರಿಹೋಗುತ್ತದೆ. ಹಾಗೆಯೇ ಹಲವು ಬಗೆಯ ನೇರಳೆಗಳನ್ನು ‘ನೇರಳೆ’ ಎಂದು ಒಂದೇ ಸಾಲಿಗೆ ಹಾಕಿದರೆ ಇದರ ಉಲ್ಟಾ. ಗುರುತು ಸಿಗದ ಮರಕ್ಕೆ ಟೊಂಗೆಯ ಮಾದರಿ ಒಣಗಿಸಿ ‘ಗುರುತಿಲ್ಲ 1’, ‘ಗುರುತಿಲ್ಲ 2’ ಎಂದು ನಂಬರು ಕೊಡಿ. ಎಲ್ಲ ಅಪರಿಚಿತರನ್ನು ಒಂದೇ ಚೀಲಕ್ಕೆ ತುಂಬಬೇಡಿ.

ಶ್ಯಾನನ್ ಸೂಚ್ಯಂಕ ಕೊಟ್ಟರೆ ವಿಸ್ತೀರ್ಣದ ತಂಟೆ ತಪ್ಪುತ್ತದೆಯೇ?

ಸ್ವಲ್ಪ ಮಟ್ಟಿಗೆ. ಪ್ರಭೇದಗಳ ಸಂಖ್ಯೆಯನ್ನೂ ಪ್ರತಿಯೊಂದರ ಪಾಲನ್ನೂ ಸೇರಿಸಿ ವೈವಿಧ್ಯವನ್ನು ಒಂದೇ ಅಂಕಿಯಲ್ಲಿ ಹೇಳುವ ಶ್ಯಾನನ್, ಸಿಂಪ್ಸನ್ ಸೂಚ್ಯಂಕಗಳು ಸಾಮಾನ್ಯ ಪ್ರಭೇದಗಳಿಗೆ ತೂಕ ಕೊಡುವುದರಿಂದ ಜಾಗ ಹೆಚ್ಚಿದಂತೆ ಬೇಗ ಸ್ಥಿರವಾಗುತ್ತವೆ. ಆದರೆ ಲಾಗ್‌ನ ಆಧಾರ ಹೇಳದಿದ್ದರೆ ಅನರ್ಥ. ಉಪ್ಪಂಗಳದ 91 ಪ್ರಭೇದಗಳಿಗೆ ಶ್ಯಾನನ್ 4.56 ಎಂದು ಪ್ರಕಟವಾಗಿದೆ. ನೈಸರ್ಗಿಕ ಲಾಗ್ ಎಂದುಕೊಂಡರೆ 91 ಪ್ರಭೇದಗಳಿಗೆ ಸಾಧ್ಯವಿರುವ ಗರಿಷ್ಠವೇ 4.51, ಅಂದರೆ ಅದು ಎರಡರ ಆಧಾರದ ಲಾಗ್ ಎಂದು ಅಲ್ಲಿಯೇ ಗೊತ್ತಾಗುತ್ತದೆ. ನೈಸರ್ಗಿಕ ಲಾಗ್‌ನಲ್ಲಿ ಬಂದ ನಿಮ್ಮ 3.4ನ್ನು ಅದರ ಪಕ್ಕ ಇಟ್ಟು ‘ನಮ್ಮ ಕಾಡು ಬಡವಾಗಿದೆ’ ಎಂದರೆ ಪೂರ್ತಿ ತಿರುಗುಮುರುಗು.

2ನ್ನು 4.56ರ ಘಾತಕ್ಕೆ ಏರಿಸಿದರೆ ಸುಮಾರು 24. ಅಂದರೆ ಉಪ್ಪಂಗಳದ 91 ಪ್ರಭೇದಗಳ ಕಾಡು, ಸಮಸಂಖ್ಯೆಯಲ್ಲಿರುವ 24 ಪ್ರಭೇದಗಳ ಕಾಡಿನಷ್ಟು ವೈವಿಧ್ಯದ್ದು. ಅಲ್ಲಿ ನಾಲ್ಕು ಪ್ರಭೇದಗಳದ್ದೇ ಮೇಲುಗೈ: ಕೆಳಸ್ತರದಲ್ಲಿ ಹಸಿಗೆ, ನಡುವೆ ಕಾಡುಜಾಯಿಕಾಯಿ, ಮೇಲೆ ಸಾಲುಧೂಪ, ಅದಕ್ಕೂ ಮೇಲೆ ತಲೆಯೆತ್ತಿದ ಧೂಮ. ಉಳಿದ ಹಲವು ಪ್ರಭೇದ ಅಲ್ಲೊಂದು ಇಲ್ಲೊಂದು. ಜಾಗ ಹೆಚ್ಚಿಸಿದಾಗ ಪಟ್ಟಿಗೆ ಸೇರುವವು ಇಂಥ ಅಲ್ಲೊಂದು ಇಲ್ಲೊಂದು ಇರುವವೇ.

ಅರ್ಧ ಕಾಡು ಹೋದರೆ ಅರ್ಧ ಪ್ರಭೇದ ಹೋಗುತ್ತವೆಯೇ?

ಸೂತ್ರದ ಪ್ರಕಾರ ಇಲ್ಲ. ಝಡ್ 0.25 ಇದ್ದರೆ ಅರ್ಧ ಜಾಗ ಹೋದಾಗ 16% ಪ್ರಭೇದ ಹೋಗುತ್ತವೆ, 90% ಜಾಗ ಹೋದಾಗ 44%. ಝಡ್ 0.15 ಎಂದರೆ ಆ 44 ಇಳಿದು 29 ಆಗುತ್ತದೆ, 0.35 ಎಂದರೆ ಏರಿ 55 ಆಗುತ್ತದೆ. ಇಷ್ಟು ತೂಗಾಡುವ ಲೆಕ್ಕವನ್ನು ‘44% ನಾಶ’ ಎಂದು ದಪ್ಪಕ್ಷರದಲ್ಲಿ ಹಾಕುವುದು ನ್ಯಾಯವಲ್ಲ; ಮೂರೂ ಸಂಖ್ಯೆ ಕೊಡಿ.

ಇನ್ನೂ ಆಳದ ತಕರಾರೊಂದಿದೆ. ಹೇ ಮತ್ತು ಹಬ್ಬೆಲ್ 2011ರಲ್ಲಿ ತೋರಿಸಿದಂತೆ, ಒಂದು ಪ್ರಭೇದದ ಮೊದಲ ಮರ ಸಿಗಲು ಬೇಕಾದ ಜಾಗಕ್ಕಿಂತ ಅದರ ಕೊನೆಯ ಮರ ಹೋಗಲು ಕಡಿಯಬೇಕಾದ ಜಾಗ ದೊಡ್ಡದು. ಏರುವ ರೇಖೆಯನ್ನು ಹಿಮ್ಮುಖ ಓದಿದರೆ ತಕ್ಷಣದ ನಷ್ಟ ವಾಸ್ತವಕ್ಕಿಂತ ಹೆಚ್ಚು ಕಾಣುತ್ತದೆ. ಅವರ ಮಾತನ್ನು ‘ಅಳಿವೇ ಇಲ್ಲ’ ಎಂದು ತಿರುಚಿದವರೂ ಇದ್ದಾರೆ, ಹೇ ಮತ್ತು ಹಬ್ಬೆಲ್ ಹೇಳಿದ್ದು ಅದಲ್ಲ.

ಕೊಡಗಿನ ದೇವರಕಾಡುಗಳು 1905ರಲ್ಲಿ 6277 ಹೆಕ್ಟೇರ್ ಇದ್ದವು, 1985ರ ಹೊತ್ತಿಗೆ 2550ಕ್ಕೆ ಇಳಿದಿದ್ದವು. ಸೂತ್ರಕ್ಕೆ ಹಾಕಿದರೆ 20% ಪ್ರಭೇದ ಹೋಗಿರಬೇಕು ಎನ್ನುತ್ತದೆ. ಈ ಲೆಕ್ಕ ಮಾಡಬೇಡಿ. ಆ 2550 ಹೆಕ್ಟೇರ್ ಒಂದೇ ತುಂಡಲ್ಲ, 1214 ದೇವರಕಾಡುಗಳು ಸೇರಿ ಆದದ್ದು. ಸರಾಸರಿ ಒಂದಕ್ಕೆ 2.1 ಹೆಕ್ಟೇರ್. ಸುತ್ತ ಇರುವುದೂ ಸಮುದ್ರವಲ್ಲ, ನೆರಳುಮರಗಳಿರುವ ಕಾಫಿ ತೋಟ ಮತ್ತು ರಕ್ಷಿತಾರಣ್ಯ. ಹಕ್ಕಿ, ಬಾವಲಿ, ಬೀಜಗಳ ಓಡಾಟ ನಡೆಯುತ್ತಲೇ ಇರುತ್ತದೆ. ಹಳೆಯ ಕಾಡುಮರಗಳ ನೆರಳಿನ ತೋಟ ಮತ್ತು ಸಿಲ್ವರ್ ಓಕ್ ಸಾಲಿನ ತೋಟ ಇವೆರಡನ್ನು ಒಂದೇ ‘ತೋಟ’ ಎಂದು ಬರೆದರೂ ವಿಶ್ಲೇಷಣೆ ಕೆಡುತ್ತದೆ.

ಹೋಗುವುದಾದರೆ ಯಾವಾಗ?

ಕಡಿದ ವರ್ಷವೇ ಅಲ್ಲ. ಮರಗಳಿಗೆ ನೂರಾರು ವರ್ಷ ಆಯಸ್ಸು. ಸಸಿ ಏಳದಿದ್ದರೂ ಮುದಿ ಮರ ನಿಂತೇ ಇರುತ್ತದೆ. ಇದನ್ನೇ ಅಳಿವಿನ ಸಾಲ ಎನ್ನುವುದು. ನಿಮ್ಮ ದೇವರಕಾಡಿನಲ್ಲಿ ಈ ಸಾಲ ಇದೆಯೇ ಎಂದು ನೋಡಲು ದೊಡ್ಡ ಮರಗಳ ಪಟ್ಟಿ ಮತ್ತು ಸಸಿಗಳ ಪಟ್ಟಿ ಬೇರೆ ಬೇರೆ ಮಾಡಿ ತಾಳೆ ನೋಡಿ. ಮೇಲೆ ಇದ್ದು ಕೆಳಗೆ ಇಲ್ಲದವು ಯಾವುವು ಎಂಬುದು ವಿಸ್ತೀರ್ಣದ ಯಾವ ಸೂತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ.

ಪ್ರಾಣಿಗಳಲ್ಲಿ ಬೇಗ. ಬ್ರೆಜಿಲ್‌ನ ಮನಾಉಸ್ ಬಳಿ ಥಾಮಸ್ ಲವ್‌ಜಾಯ್ 1979ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ 1, 10, 100 ಹೆಕ್ಟೇರಿನ ತುಂಡುಗಳನ್ನು ಉಳಿಸಿ ಸುತ್ತ ಕಡಿದರು. 100 ಹೆಕ್ಟೇರಿನ ತುಂಡು ಕೂಡ ಹದಿನೈದು ವರ್ಷದೊಳಗೆ ಕೆಳಸ್ತರದ ಹಕ್ಕಿಗಳಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ ಎಂದು ಅಲ್ಲಿನ ಲೆಕ್ಕ. ಅಳಿವಿನ ವೇಗವನ್ನು ಹತ್ತನೇ ಒಂದಕ್ಕೆ ಇಳಿಸಬೇಕಾದರೆ ಜಾಗ ಸಾವಿರ ಪಟ್ಟು ಬೇಕಂತೆ. ಥಾಯ್ಲೆಂಡಿನ ಚಿಯು ಲಾರ್ನ್ ಜಲಾಶಯ 1986-87ರಲ್ಲಿ ತುಂಬಿದಾಗ ಉಳಿದ ದ್ವೀಪಗಳಲ್ಲಿ 10 ಹೆಕ್ಟೇರಿಗಿಂತ ಚಿಕ್ಕವು ಐದು ವರ್ಷದಲ್ಲೇ, ಅದಕ್ಕಿಂತ ದೊಡ್ಡವು 25 ವರ್ಷದಲ್ಲಿ ತಮ್ಮ ಸಣ್ಣ ಸಸ್ತನಿಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡವು. ಹೊರಗಿನಿಂದ ನುಗ್ಗಿದ ಒಂದು ಜಾತಿಯ ಇಲಿಯ ಕೈವಾಡವೂ ಅದರಲ್ಲಿತ್ತು.

ದೊಡ್ಡದೊಂದು ಕಾಡು ಉಳಿಸುವುದೋ, ಅಷ್ಟೇ ಜಾಗದ ಸಣ್ಣವು ಹತ್ತು ಉಳಿಸುವುದೋ?

1975-76ರಿಂದ ಜಗಳ ನಡೆದಿದೆ. ಜೇರೆಡ್ ಡೈಮಂಡ್ ದೊಡ್ಡದರ ಪರ. ಸಿಂಬರ್ಲಾಫ್ ಮತ್ತು ಏಬಲ್ ‘ಮ್ಯಾಕ್‌ಆರ್ಥರ್, ವಿಲ್ಸನ್ ಅವರ ದ್ವೀಪ ಸಿದ್ಧಾಂತದಿಂದ ಹಾಗೆ ತೀರ್ಮಾನ ಬರುವುದಿಲ್ಲ’ ಎಂದರು. ಬರೀ ಪ್ರಭೇದಗಳ ಒಟ್ಟು ಎಣಿಕೆ ಮಾಡಿದರೆ ಬೇರೆ ಬೇರೆ ಕಡೆ ಚದುರಿದ ಸಣ್ಣವುಗಳೇ ಹಲವು ಸಲ ಗೆಲ್ಲುತ್ತವೆ. ಆದರೆ ಸಿಂಗಳೀಕ, ದೊಡ್ಡ ಮಂಗಟ್ಟೆಹಕ್ಕಿಗಳಿಗೆ ಐದು ಎಕರೆಯ ತುಂಡುಗಳು ಹತ್ತಲ್ಲ, ನೂರಿದ್ದರೂ ಅದರಲ್ಲೇ ಬದುಕು ಕಟ್ಟಿಕೊಳ್ಳಲಾಗದು. ಎಷ್ಟು ಎನ್ನುವುದಕ್ಕಿಂತ ಯಾವುವು ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಸಣ್ಣ ತುಂಡಿನ ಅಂಚಿನ ಲೆಕ್ಕವನ್ನೂ ನೋಡಿ. ಒಂದು ಎಕರೆಯ ಚೌಕ ಕಾಡಿನ ಬದಿ 63.6 ಮೀ. ಬಿಸಿಲು, ಗಾಳಿ, ಲಂಟಾನ ಒಳಗೆ ಬರುವ ಅಂಚು 20 ಮೀಟರ್ ಎಂದು ಹಿಡಿದರೂ ಒಳಗೆ ಉಳಿಯುವುದು 23.6 ಮೀ. ಬದಿಯ ಚೌಕ, ಒಟ್ಟು ಜಾಗದ 14%. ಅದೇ ಒಂದು ಎಕರೆ ರಸ್ತೆ ಬದಿಯ 30 ಮೀ. ಅಗಲದ ಪಟ್ಟಿಯಾಗಿದ್ದರೆ ಒಳಭಾಗವೇ ಇಲ್ಲ.

ತೀರಾ ಚಿಕ್ಕ ತುಂಡುಗಳಿಗೂ ಸೂತ್ರ ಅನ್ವಯಿಸುತ್ತದೆಯೇ?

ಒಂದು ಮಿತಿಗಿಂತ ಕೆಳಗೆ ವಿಸ್ತೀರ್ಣದ ಮಾತು ನಡೆಯುವುದಿಲ್ಲ, ಪ್ರಭೇದಗಳ ಸಂಖ್ಯೆ ಮನಬಂದಂತೆ ಏರಿಳಿಯುತ್ತದೆ. ದ್ವೀಪಗಳಲ್ಲಿ ಇದನ್ನು ಸಣ್ಣ ದ್ವೀಪದ ಪರಿಣಾಮ ಎಂದು ಕರೆಯುತ್ತಾರೆ. ಗುಡಿಯ ಸುತ್ತ ಐದಾರು ಗುಂಟೆ ಉಳಿದಲ್ಲಿ ಎಷ್ಟು ಪ್ರಭೇದ ಎನ್ನುವುದನ್ನು ಯಾರು ಏನು ನೆಟ್ಟರು, ಯಾವ ಮರ ಕಡಿಯಲು ಬಿಡಲಿಲ್ಲ ಎನ್ನುವುದು ನಿರ್ಧರಿಸುತ್ತದೆ. ಸಂಪಿಗೆ, ಬಿಲ್ವ, ನಾಗಲಿಂಗ ನೆಟ್ಟವು. ಕಾಫಿ ಗಿಡ ತಾನೇ ಹಬ್ಬಿದ್ದು. ನೆಟ್ಟ ಮತ್ತು ಹೊರಗಿನಿಂದ ಬಂದ ಗಿಡಗಳಿಗೆ ಬೇರೆ ಕಾಲಮ್ಮು ಇಡಿ, ಝಡ್ ಲೆಕ್ಕವನ್ನು ಅವನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮಾಡಿ.

ಯಾವ ಸಾಫ್ಟ್‌ವೇರ್?

ಹತ್ತಿಪ್ಪತ್ತು ಚೌಕಕ್ಕೆ ಎಕ್ಸೆಲ್ ಸಾಕು. ರೇರ್‌ಫ್ಯಾಕ್ಷನ್, ಚಾವೋಗೆ ‘ಆರ್’ ಎಂಬ ಅಂಕಿಅಂಶಗಳ ಪ್ರೋಗ್ರಾಂನ ‘ವೀಗನ್’ ಅಥವಾ ‘ಐನೆಕ್ಸ್ಟ್’ ಪ್ಯಾಕೇಜು, ಹಲವು ಸೂತ್ರಗಳನ್ನು ಒಟ್ಟಿಗೆ ಕೂರಿಸಿ ನೋಡಲು ‘ಸಾರ್ಸ್’, ಎಲ್ಲವೂ ಉಚಿತ. ವೀಗನ್‌ನಲ್ಲಿ ಚೌಕಗಳು ಅಡ್ಡಸಾಲಿನಲ್ಲಿ, ಪ್ರಭೇದಗಳು ಕಾಲಮ್ಮಿನಲ್ಲಿ ಇರಬೇಕು. ಅದಲುಬದಲಾದರೂ ಪ್ರೋಗ್ರಾಂ ದೂರು ಹೇಳುವುದಿಲ್ಲ, ಉತ್ತರ ಕೊಟ್ಟೇ ಬಿಡುತ್ತದೆ. ಬಂದ ‘ಪ್ರಭೇದಗಳ ಸಂಖ್ಯೆ’ ನಿಮ್ಮ ಚೌಕಗಳ ಸಂಖ್ಯೆಗೆ ಸಮ ಇದ್ದರೆ ಇದನ್ನೇ ಅನುಮಾನಿಸಿ.

ಅನುಮತಿ ಬೇಕೇ?

ಬೇಕು. ರಕ್ಷಿತಾರಣ್ಯಕ್ಕೆ, ಮಾದರಿ ಕೀಳುವುದಕ್ಕೆ ಅರಣ್ಯ ಇಲಾಖೆಯದ್ದು. ದೇವರಕಾಡಿಗೆ ಅದರ ಜೊತೆ ದೇವಸ್ಥಾನ ಸಮಿತಿಯನ್ನೂ ಊರಿನ ತಕ್ಕರನ್ನೂ (ಕೊಡಗಿನಲ್ಲಿ ಊರು, ದೇವಸ್ಥಾನಗಳ ಮುಖ್ಯಸ್ಥರು) ಕೇಳಿ. ಮರಕ್ಕೆ ಮೊಳೆ ಹೊಡೆಯಲು, ಕೆಲವು ಕಡೆ ಚಪ್ಪಲಿ ಹಾಕಿ ಒಳಗೆ ಹೋಗಲು, ಹಬ್ಬದ ದಿನಗಳಲ್ಲಿ ಕಾಲಿಡಲು ಒಪ್ಪುವುದಿಲ್ಲ. ತಗಡಿನ ಬಿಲ್ಲೆಯನ್ನು ಮೊಳೆಯ ಬದಲು ನೈಲಾನ್ ದಾರದಲ್ಲಿ ಸಡಿಲವಾಗಿ ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿ. ಬಿಟ್ಟರೆ ಮರ ದಪ್ಪವಾದಂತೆ ದಾರ ತೊಗಟೆಗೆ ಕಚ್ಚುತ್ತದೆ. ಕೊನೆಯಲ್ಲಿ ಪ್ರಭೇದಗಳ ಪಟ್ಟಿಯ ಒಂದು ಪ್ರತಿಯನ್ನು, ಊರಿನವರು ಹೇಳಿದ ಹೆಸರುಗಳ ಸಮೇತ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. ಅದರ ಮೇಲೆ ಎಷ್ಟು ಚದರ ಮೀಟರು, ಎಷ್ಟು ಮರ, ಸುತ್ತಳತೆಯ ಮಿತಿ ಎಷ್ಟು ಎಂದು ಬರೆದಿರಲಿ.